ನನ್ನ ಬಿಪಿ, ಅವಳ ಪಾಲಿಸಿ

ದಾಂಡೇಲಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಸೊಂಟದೆತ್ತರದ ಗೋಡೆ. ಅದನ್ನು ದಾಟದ ವಸ್ತುವಿಲ್ಲ: ಹೆಪ್ಪಿಗೆ ಮೊಸರು, ಶೇಂಗಾ ಚಟ್ನಿ, ಕೊನೆಗೆ ನನ್ನ ಬಿಪಿ ಗುಳಿಗೆ ಕೂಡ. ಕಾಗದ ಕಾರ್ಖಾನೆಯವರ ನಮ್ಮ ಓಣಿಯಲ್ಲಿ ಡಾಕ್ಟರು ಒಬ್ಬರಿಗೆ ಬರೆದ ಚೀಟಿಯ ಗುಳಿಗೆಯನ್ನು ಇನ್ನೊಬ್ಬರು ನುಂಗುವುದು ಹೊಸದೇನಲ್ಲ. ಪಕ್ಕದವಳು ತೇರಗಾಂವದ ಹೆಣ್ಣು, ನಾನು ಪಾಳಾ ಊರಿನವಳು. ಒಮ್ಮೆ ತಲೆ ಸಿಡಿಯುತ್ತದೆಂದು ನನ್ನ ಗುಳಿಗೆ ನುಂಗಿದಳು, ಕಡಿಮೆಯಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಗೋಡೆಯ ಮೇಲೆ ಕೈ ಬರತೊಡಗಿತು.

"ಒಂದ್ ಗುಳಗಿ ಕೊಡ್ರಿ ಅಕ್ಕಾರ."

ಡಾಕ್ಟರ ಹತ್ತಿರ ಹೋಗು ಎಂದರೆ, "ನಿಮಗ ಹೇಳಿದ್ದ ನನಗೂ ಹೇಳ್ತಾರ, ಸುಮ್ನ ಯಾಕ ಹೋಗೂದು?" ಎನ್ನುವಳು. ನನ್ನ ಚೀಟಿ ತೋರಿಸಿ ಇಬ್ಬರಿಗೂ ಸೇರಿಸಿಯೇ ತರುತ್ತಿದ್ದೆ.

ನಮ್ಮಿಬ್ಬರ ಗಂಡಂದಿರೂ ಗುತ್ತಿಗೆ ಕೆಲಸದವರು, ದವಾಖಾನೆ ಖರ್ಚು ನಮ್ಮ ತಲೆಗೇ. ನಮ್ಮವ್ವ ಇದೇ ಬಿಪಿಯಿಂದ ಲಕ್ವಾ ಹೊಡೆದು ಮಲಗಿದ್ದನ್ನು ಕಂಡವಳು ನಾನು. ಆರೋಗ್ಯ ವಿಮೆಯ ಏಜೆಂಟ ಬಂದು ಕಟ್ಟೆಯ ಮೇಲೆ ಕುಳಿತಾಗ, ಆ ವಿಮೆಯ ಕಾರ್ಡು ನನಗೆ ಬೇಕೇ ಬೇಕಿತ್ತು.

"ಬ್ಯಾನಿ ಏನಾರ ಅದಾವೇನ್ರಿ?" ಎಂದ. ನಾನು ದೊಡ್ಡ ಶಾಣ್ಯಾಳಂತೆ ಒಳಗೆ ಹೋಗಿ ಚೀಟಿ ತಂದು ತೋರಿಸಿದೆ. ಪಕ್ಕದವಳು ಸೆರಗು ಸರಿ ಮಾಡಿಕೊಂಡು, "ನನಗ ಯಾವ ಡಾಕ್ಟರೂ ಏನೂ ಹೇಳಿಲ್ಲರೀ" ಎಂದಳು. ಸುಳ್ಳಲ್ಲ! ಆ ಹೊತ್ತಿಗೆ ನನ್ನ ಗುಳಿಗೆ ಅವಳ ಹೊಟ್ಟೆಯಲ್ಲಿತ್ತು.

ಅವಳಿಗೆ ಕಾರ್ಡು ಬಂತು. ನನ್ನದು ಮೊದಲೇ ಇದ್ದ ಬೇನೆ ಎಂದು ಕಂಪನಿಯವರು ಕೈ ತೊಳೆದುಕೊಂಡರು. ಅವಳು ಕಾರ್ಡನ್ನು ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಪೇಢೆ ಹಿಡಿದು ಗೋಡೆಯ ಹತ್ತಿರ ಬಂದಾಗ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಪೇಢೆಯನ್ನು ಇರುವೆಗಳಿಗೆ ಹಾಕಿದೆ. ಮರುದಿನ ಗುಳಿಗೆ ಕೊಡಲೇಬಾರದು ಅಂದುಕೊಂಡೆ. ಕೈ ಬಂತು, ಕೊಟ್ಟೆ. ಕೊಡುವಾಗ ಮೈಯೆಲ್ಲ ಉರಿಯಿತು.

ಮುಂದಿನ ವರ್ಷ ಅವಳಿಗೆ ಪಿತ್ತಕೋಶದಲ್ಲಿ ಹರಳಾಗಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ನೋಡಲು ಹೋದರೆ ತಣ್ಣನೆಯ ಕೋಣೆ, ಬಿಳಿ ಹಾಸಿಗೆ. ಆಪರೇಷನ್ ಮಾಡಿಸಿಕೊಂಡು ಮಲಗಿದವಳ ಮೇಲೂ ನನಗೆ ಹೊಟ್ಟೆಕಿಚ್ಚು! ಅಲ್ಲಿ ಅವಳ ಬಿಪಿ ಹೆಚ್ಚಿದ್ದು ಕಂಡಿತಂತೆ. ಅದು ಹಳೆಯದೋ ಹೊಸದೋ ಎಂದು ವಿಚಾರಿಸಲು ಕಂಪನಿಯವನೊಬ್ಬ ಓಣಿಗೆ ಬಂದ. ಬಂದದ್ದು ನನ್ನ ಬಾಗಿಲಿಗೇ.

"ಬಾಜೂ ಮನಿಯವರು ಮೊದಲಿಂದ ಬಿಪಿ ಗುಳಗಿ ತಗೋತಿದ್ರೇನ್ರಿ?"

ಹೂಂ ಎಂದರೆ ಸಾಕಿತ್ತು, ಬೇನೆ ಮುಚ್ಚಿಟ್ಟಳೆಂದು ಆಪರೇಷನ್ ಬಿಲ್ಲು ಅವಳ ತಲೆಗೇ ಬೀಳುತ್ತಿತ್ತು. ಆ ಹೂಂ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನನ್ನನ್ನು ಬೇಡವೆಂದ ಕಂಪನಿಗೆ ಅವಳನ್ನೂ ನಾನೇ ಹಿಡಿದುಕೊಡಬೇಕೇ? ಸಿಟ್ಟು ಹೊಟ್ಟೆಕಿಚ್ಚಿಗಿಂತ ಒಂದು ಕೈ ಮೇಲಾಯಿತು.

"ಈ ಓಣ್ಯಾಗ ಬಿಪಿ ಇರೂದು ನನಗೊಬ್ಬಾಕಿಗೆ. ನಿಮ್ಮ ಕಂಪನಿಗೆ ಗೊತ್ತೈತಲ್ಲ" ಎಂದೆ.

ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ಕಟ್ಟಿತು. ಮನೆಗೆ ಮರಳಿದ ಮೇಲೆ ಒಂದು ಬೆಳಿಗ್ಗೆ ಅವಳು ಗೋಡೆಯ ಹತ್ತಿರ ನಿಂತಳು. ಕೈಯಲ್ಲಿ ಅವಳದೇ ಹೆಸರಿನ ಚೀಟಿ, ಅವಳದೇ ಗುಳಿಗೆ.

"ಈಗ ನನಗೂ ಬಿಪಿ ಐತಂತ್ರಿ ಅಕ್ಕಾರ. ಪಾಲಿಸಿ ಮಾಡಿಸಿದ ಮ್ಯಾಲ ಬಂದ ಬ್ಯಾನಿ ಅಂತ. ಇನ್ನ ಮುಂದ ಇದರಿಂದ ಏನಾರ ಆದ್ರೂ ಕಂಪನಿನ ನೋಡ್ಕೋತೈತಿ."

ನನ್ನ ಗುಳಿಗೆ ಹಿಂದಿನ ದಿನವೇ ತೀರಿದ್ದನ್ನು ಹೇಳಿದೆ. ಅದನ್ನು ಕೇಳಿ ಅವಳು ತನ್ನದರಲ್ಲಿ ಒಂದನ್ನು ಬಿಡಿಸಿ ಗೋಡೆಯ ಮೇಲಿಟ್ಟಳು. ಅದೇ ಹೆಸರು, ಅದೇ ಬಣ್ಣ. ಅವ್ವನ ಸೊಟ್ಟಗಾದ ಬಾಯಿ ಕಣ್ಣ ಮುಂದೆ ಬಂತು. ಈ ಸಲ ನಾನು ಕೈ ಚಾಚಿದೆ, ಗುಳಿಗೆ ತೆಗೆದುಕೊಂಡು ಅವಳೆದುರೇ ನೀರಿಲ್ಲದೆ ನುಂಗಿದೆ.