ಹರಿವಾಣದಲ್ಲಿ ಇಟ್ಟ ಸಿಗರೇಟು

ಕಳೆದ ತಿಂಗಳು ಮನೆಮಂದಿಯೆಲ್ಲ ಸೇರಿ ನಮ್ಮ ಭಾವನ ಬಾಯಿಗೆ ಸಿಗರೇಟು ಇಟ್ಟೆವು.

ಸುಳ್ಳಲ್ಲ. ಭಾವನಿಗೆ ಹಾಲಾಡಿ ಪೇಟೆಯಲ್ಲಿ ದಿನಸಿ ಅಂಗಡಿ. ಮೂವತ್ತು ವರ್ಷ ಸೇದಿದ ಮನುಷ್ಯ. ಈ ಮಳೆಗಾಲದಲ್ಲಿ ಉಸಿರು ಕಟ್ಟಿ ಕುಂದಾಪುರದ ಆಸ್ಪತ್ರೆಯಲ್ಲಿ ಮೂರು ದಿನ ಮಲಗಿದರು. ಇನ್ನು ಸೇದಿದರೆ ನನ್ನ ಹತ್ತಿರ ಬರಬೇಡಿ ಎಂದರು ಡಾಕ್ಟರು. ಭಾವ ಬಿಟ್ಟೇ ಬಿಟ್ಟರು. ನಾಲ್ಕು ತಿಂಗಳು! ಅಕ್ಕ ಅವರ ಅಂಗಿ ಮೂಸಿ ನೋಡುವುದನ್ನೂ ನಿಲ್ಲಿಸಿದ್ದಳು. ಮಗಳು ದಿನಾ ಬೆಳಿಗ್ಗೆ ಅಪ್ಪನ ಕಿಸೆಗೆ ಏಲಕ್ಕಿ ಹಾಕಿ ಕಳಿಸುತ್ತಿದ್ದಳು. (ಅಂಗಡಿಯ ಏಲಕ್ಕಿಯೇ, ಬಿಡಿ.)

ಆ ಮಗಳಿಗೆ ಕಿರಿಮಂಜೇಶ್ವರದಿಂದ ಸಂಬಂಧ ಬಂತು. ಮಾತುಕತೆಗೆ ಹುಡುಗನ ದೊಡ್ಡಪ್ಪ ಬರುವವರಿದ್ದರು. ಅವರು ಹೂಂ ಅಂದರೆ ಮದುವೆ. ನಮ್ಮ ಕಡೆ ಗೊತ್ತಲ್ಲ, ಬಂದವರ ಮುಂದೆ ಹರಿವಾಣ ಹಿಡಿಯಬೇಕು. ಎಲೆ, ಅಡಿಕೆ, ಸುಣ್ಣ, ಒಂದು ಪ್ಯಾಕು ಸಿಗರೇಟು, ಬೆಂಕಿಪೊಟ್ಟಣ. ಸಿಗರೇಟು ಇಲ್ಲದಿದ್ದರೆ ಜಿಪುಣರು ಅಂದುಕೊಂಡಾರು. ಪ್ಯಾಕು ತಂದವನು ನಾನೇ. ಭಾವನ ಅಂಗಡಿಯಲ್ಲೂ ಇತ್ತು, ಆದರೆ ಅವರ ಕೈಗೆ ಅದು ತಾಗಬಾರದೆಂದು ಬೇರೆ ಅಂಗಡಿಯಿಂದ ತಂದೆ. ನನ್ನ ಕಾಳಜಿ ನೋಡಿ!

ಊಟ ಮುಗಿಯಿತು. ಜಗಲಿಯಲ್ಲಿ ಭಾವ ಹರಿವಾಣ ಹಿಡಿದರು. ದೊಡ್ಡಪ್ಪ ಒಂದು ಸಿಗರೇಟು ಎತ್ತಿಕೊಂಡು, ನೀವೂ ತೆಗೆದುಕೊಳ್ಳಿ ಎಂದರು.

ಭಾವ ನಮ್ಮ ಮುಖ ನೋಡಿದರು. ನಾವೆಲ್ಲ ಯಾರು? ನಾಲ್ಕು ತಿಂಗಳು ಅವರಿಗೆ ಬುದ್ಧಿ ಹೇಳಿದವರು. ನಾನು ಅಂಗಳದ ಕಡೆ ತಿರುಗಿದೆ. ಅಕ್ಕ ಬಾಗಿಲ ಹಿಂದಿನಿಂದ, ತೆಗೆದುಕೊಳ್ಳಿ ಎಂದು ಕಣ್ಸನ್ನೆ ಮಾಡಿದಳು. ಬೀಗರಾಗುವವರು ಒಬ್ಬರೇ ಸೇದುತ್ತ ಕೂತರೆ ಚೆಂದವೇ?

ಭಾವ ಸೇದಿದರು. ಕೆಮ್ಮಿದರು. ಸಂಬಂಧ ಕುದುರಿತು.

ಅಂದು ಒಂದು ಸೇದಿದವರು ಈಗ ದಿನಕ್ಕೆ ಅರ್ಧ ಪ್ಯಾಕಿಗೆ ಬಂದಿದ್ದಾರೆ. ಮೆಟ್ಟಿಲು ಹತ್ತುವಾಗ ಮತ್ತೆ ಏದುಸಿರು. ಪಾಪ, ಬೈಯೋಣ ಅಂದರೆ ನನಗೆ ಬಾಯಿಲ್ಲ. ಮಗಳು ಮಾತ್ರ ನನ್ನನ್ನು ಅಡ್ಡಹಾಕಿ ಕೇಳಿದಳು:

"ಮಾವ, ನನ್ ಮದಿ ಆಪುಕೆ ಅಪ್ಪಯ್ಯ ಸಿಗ್ರೇಟ್ ಸೇದ್ಕಾ?"

ತನ್ನ ಮದುವೆಯಾಗಲು ಅಪ್ಪ ಸೇದಬೇಕೇ ಎಂದು ಹುಡುಗಿ ಅಳುತ್ತ ನಿಂತಿದ್ದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಬಂದವರ ಮೇಲೆ ತಪ್ಪು ಹೊರಿಸಿದೆ. ನಿನ್ನ ಹುಡುಗನ ಆ ದೊಡ್ಡಪ್ಪನಿಗೆ ಸಿಗರೇಟಿನ ಚಟ, ನಾವೇನು ಮಾಡುವುದು ಅಂದುಬಿಟ್ಟೆ.

ಮೊನ್ನೆ ತ್ರಾಸಿಯಲ್ಲಿ ಬಸ್ಸಿಗೆ ಕಾಯುವಾಗ ಅದೇ ದೊಡ್ಡಪ್ಪ ಸಿಕ್ಕರು. ಹೋಟೆಲಿಗೆ ಕರೆದುಕೊಂಡು ಹೋಗಿ ಚಾ ಕುಡಿಸಿದೆ. ಒಂದು ಸಿಗರೇಟು ತರಿಸಲೇ ಎಂದೂ ಕೇಳಿದೆ (ಬುದ್ಧಿ ಬರಬೇಕಲ್ಲ!). ಅವರು ಕೈ ಮುಗಿದುಬಿಟ್ಟರು.

"ಬ್ಯಾಡ ಮಾರಾಯ್ರೆ, ನಾನ್ ಬಿಟ್ಟ್ ಎರಡ್ ವರ್ಷ ಆಯ್ತ್. ಅವತ್ತ್ ನಿಮ್ಮ್ ಭಾವ ಹರಿವಾಣ ಹಿಡ್ದ್ರಲ್ದಾ, ಬ್ಯಾಡ ಅಂದ್ರೆ ಬೇಜಾರ್ ಮಾಡ್ಕಂತ್ರ್ ಅಂದೇಳಿ ಒಂದ್ ತಕಂಡೆ."

ಹಾಗಾದರೆ ಅವತ್ತು ಸಿಗರೇಟು ಬೇಕಾಗಿದ್ದದ್ದು ಯಾರಿಗೆ?