ಗೋಡೆಯ ಕಿರುಬೆರಳು

ಬ್ರೆಡ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಸುತ್ತಿತ್ತು, ಆಗಲೂ ಯಾರದೋ ಹೆಸರೆಂಬಂತೆ ಅವಳೇ ಒಂದು ಗಳಿಗೆ ತಡೆದು "ಹಾಂ, ನಾನೇ" ಅನ್ನುತ್ತಿದ್ದಳು. ಎತ್ತರದ ಹೆಂಗಸು. ವಾಲಿಬಾಲ್ ನೆಟ್ ಮುಂದೆ ಎರಡೂ ಕೈ ಚಾಚಿ ನೆಗೆದಳೆಂದರೆ ಆಚೆ ಕಡೆಯವರು ಹೊಡೆದ ಚೆಂಡು ಬಂದ ದಾರಿಯಲ್ಲೇ ವಾಪಸ್ಸು. ಹಗಲೆಲ್ಲ ಒಲೆಗಳ ಮುಂದೆ ನಿಂತು ಬಿಸಿ ತಟ್ಟೆ ಎಳೆಯುವುದು, ಸಂಜೆಯಾದರೆ ಕಾರ್ಖಾನೆ ಹಿಂದಿನ ಬಯಲಿನಲ್ಲಿ ಆಟ, ಆಮೇಲೆ ಅಪ್ಪ ಅಮ್ಮನ ಜೊತೆ ಊಟ. ಮದುವೆ ಮಾತೆತ್ತಿದವರಿಗೆ "ನನಗಿಂತ ಎತ್ತರ ನೆಗೆಯೋನು ಸಿಗಲಿ, ನೋಡೋಣ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಂಥವನು ಸಿಗಲೂ ಇಲ್ಲ, ಇವಳು ಹುಡುಕುವ ಗೋಜಿಗೂ ಹೋಗಲಿಲ್ಲ.

ಅವಳ ಅಪ್ಪನನ್ನು ಊರು ಸೀಟಿ ಮೇಷ್ಟ್ರು ಎನ್ನುತ್ತಿತ್ತು. ಮೇಷ್ಟ್ರು ಯಾವ ಶಾಲೆಯ ಮೆಟ್ಟಿಲನ್ನೂ ಪಾಠ ಹೇಳಲು ಹತ್ತಿದವರಲ್ಲ. ಗಡಿಯಾರ ರಿಪೇರಿ ಅವರ ಕಸುಬು. ಸಂಜೆ ಅಂಗಡಿ ಬಾಗಿಲೆಳೆದು ಕುತ್ತಿಗೆಗೆ ಸೀಟಿ ಹಾಕಿಕೊಂಡು ಮೈದಾನಕ್ಕೆ ಹೋಗಿ ಅಂಪೈರ್ ಆಗಿ ನಿಲ್ಲುತ್ತಿದ್ದರು. ಊರಲ್ಲಿ ಇವತ್ತು ಸೀಟಿ ಊದುವವರೆಲ್ಲ ಅವರ ಕೈಕೆಳಗೆ ಕಲಿತವರೇ. ಅವರ ತೀರ್ಪಿಗೆ ಎದುರಾಡಿದವರು ಇಲ್ಲವೆಂದಲ್ಲ. ಎದುರಾಡಿದವರು ಮಾರನೆಯ ದಿನ ತಾವಾಗಿಯೇ ಅಂಗಡಿ ಮುಂದೆ ಬಂದು ಹಲ್ಲು ಕಿರಿದು ನಿಲ್ಲುತ್ತಿದ್ದರು, ಅಷ್ಟೇ.

ವಾಲಿಬಾಲಿನಲ್ಲಿ ಒಂದು ಸಂಗತಿ ಇದೆ. ಎದುರಾಳಿ ಹೊಡೆದ ಚೆಂಡು ತಡೆಯುವವರ ಬೆರಳಿಗೆ ತಾಗಿ ಗೆರೆಯಾಚೆ ಹೋದರೆ ಅಂಕ ಹೊಡೆದವರದು. ತಾಗದೆ ಹೋದರೆ ತಡೆದವರದು. ತಾಗಿತೋ ಇಲ್ಲವೋ ಎನ್ನುವುದು ಒಮ್ಮೊಮ್ಮೆ ಅಂಪೈರ್ ಕಣ್ಣಿಗೂ ಬೀಳದು, ಆ ಬೆರಳಿಗೊಂದೇ ಗೊತ್ತು. ಮರ್ಯಾದಸ್ಥ ಆಟಗಾರ ಆಗ ತಾನಾಗಿಯೇ ಕೈ ಎತ್ತಿ "ತಾಗಿತು" ಎನ್ನಬೇಕು. ಇದನ್ನು ಎಲ್ಲ ಅಂಪೈರುಗಳೂ ಹೇಳುತ್ತಾರೆ. ಸೀಟಿ ಮೇಷ್ಟ್ರು ಮಾತ್ರ ಇದನ್ನು ಮನೆಗೂ ತಂದುಬಿಟ್ಟರು.

ಹಾಲು ಉಕ್ಕಿಸಿದವರು, ಗಾಜಿನ ಲೋಟ ಒಡೆದವರು, ಅಮ್ಮನ ಹೊಲಿಗೆ ಯಂತ್ರದ ಸೂಜಿ ಮುರಿದವರು, ಯಾರೇ ಆಗಲಿ, ಕೇಳುವ ಮೊದಲೇ ಕೈ ಎತ್ತಬೇಕು. ಎತ್ತಿದ ಮೇಲೆ ಬೈಗುಳವಿಲ್ಲ. ಆದರೆ ಯಾರಿಗೆ ತೊಂದರೆಯಾಯಿತೋ ಅವರು "ಇಳಿಸು" ಎನ್ನುವವರೆಗೆ ಕೈ ಕೆಳಗೆ ಬರುವಂತಿಲ್ಲ. ಅಮ್ಮ ಇದನ್ನು ಚೆನ್ನಾಗಿ ಬಳಸಿಕೊಂಡಳು. ಒಮ್ಮೆ ಮೇಷ್ಟ್ರು ಇಸ್ತ್ರಿ ಪೆಟ್ಟಿಗೆ ಮರೆತು, ಅಮ್ಮನ ಹತ್ತಿರ ಹೊಲಿಗೆಗೆ ಬಂದಿದ್ದ ಗಿರಾಕಿಯ ಸೀರೆ ಸುಟ್ಟು ಕೈ ಎತ್ತಿ ನಿಂತಾಗ "ಇರಿ, ಪಾತ್ರೆ ತೊಳೆದು ಬಂದೆ" ಎಂದು ಹೋದವಳು ಪಾತ್ರೆ ತೊಳೆದು, ನೆಲ ಒರೆಸಿ, ಪಕ್ಕದ ಮನೆಯವಳ ಜೊತೆ ಹರಟೆ ಹೊಡೆದು ಬಂದು ಆಮೇಲೆ ಇಳಿಸೆಂದಳು. ಊರಿಗೆಲ್ಲ ಸೀಟಿ ಊದುವ ಗಂಡಸು ಅಷ್ಟು ಹೊತ್ತೂ ಬಾಗಿಲಿಗೊರಗಿ ಕೈ ಮೇಲೆ ಮಾಡಿಕೊಂಡು ನಿಂತಿದ್ದರು.

ಈ ಪದ್ಧತಿಗೆ ಇನ್ನೊಂದು ಮುಖವೂ ಇತ್ತು. ಕೈ ಎತ್ತದವರನ್ನು ಆ ಮನೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಎತ್ತಿಲ್ಲವೆಂದರೆ ಮಾಡಿಲ್ಲ, ಮುಗಿಯಿತು. ಹೀಗೆ ಬೆಳೆದವಳು ಕಾರ್ಖಾನೆಯಲ್ಲೂ ಹಾಗೇ ನಡೆದುಕೊಂಡಳು. ಬ್ರೆಡ್ ಸೀದು ಹೋದರೆ ಮೇಲಿನವರು ಬರುವ ಮೊದಲೇ ಗೋಡೆಯ ಕೈ ಮೇಲಿರುತ್ತಿತ್ತು. ಮೊದಮೊದಲು ನಕ್ಕವರು ಆಮೇಲಾಮೇಲೆ "ಗೋಡೆ ಇಲ್ಲ ಅಂದ್ರೆ ಇಲ್ಲ" ಎನ್ನತೊಡಗಿದರು. ಒಳಗೊಳಗೇ ಅವಳಿಗೆ ಅದರ ಬಗ್ಗೆ ಹೆಮ್ಮೆಯಿತ್ತು. ಸ್ವಲ್ಪ ಜಂಬವೇ ಇತ್ತು ಅನ್ನಿ.

ಊರಿನ ಕೆಲಸಗಾರರ ಪಂದ್ಯಾವಳಿಯಲ್ಲಿ ಮಹಿಳೆಯರ ಕಪ್ ಯಾವಾಗಲೂ ಬಸ್ ಡಿಪೋದವರ ಪಾಲು. ಅವರ ನಾಯಕಿ ಒಬ್ಬ ಕಂಡಕ್ಟರ್. ಗಿಡ್ಡ ಆಳು, ದೊಡ್ಡ ಗಂಟಲು. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತು ಟಿಕೆಟ್ ಹರಿಯುವವಳಿಗೆ ನೆಲದ ಮೇಲೆ ನೆಗೆಯುವುದು ಯಾವ ಲೆಕ್ಕ? ಅವಳ ಹೊಡೆತವನ್ನು ತಡೆಯಬಲ್ಲವಳೆಂದರೆ ಗೋಡೆಯೊಬ್ಬಳೇ, ಅದೂ ಒಮ್ಮೊಮ್ಮೆ. ಪ್ರತಿ ವರ್ಷ ಫೈನಲ್ಲಿಗೆ ಹೋಗುವುದು, ಸೋಲುವುದು, ಕಂಡಕ್ಟರ್ ಕೈಯಲ್ಲಿ ಕಪ್ ನೋಡಿ ಚಪ್ಪಾಳೆ ತಟ್ಟಿ ಬರುವುದು. ಬ್ರೆಡ್ ಕಾರ್ಖಾನೆಯವರಿಗೆ ಇದು ರೂಢಿಯಾಗಿಹೋಗಿತ್ತು.

ಈ ವರ್ಷ ಗೋಡೆಯ ಮಂಡಿ ಕೈಕೊಟ್ಟಿತು. ಇನ್ನು ನೆಗೆತ ಸಾಕು, ಇಲ್ಲದಿದ್ದರೆ ನಡೆಯುವುದೂ ಕಷ್ಟವಾದೀತು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಇದೊಂದು ಪಂದ್ಯಾವಳಿ ಮುಗಿಸಿ ನಿಲ್ಲಿಸುತ್ತೇನೆ ಎಂದು ಅವಳು ಗೋಗರೆದು ಬಂದಳು. ಆ ಕಪ್ಪನ್ನು ಒಂದೇ ಒಂದು ಸಲ ಎತ್ತಿ ಆಟ ಬಿಡಬೇಕು ಎನ್ನುವುದು ತಲೆಯಲ್ಲಿ ಹೊಕ್ಕುಬಿಟ್ಟಿತ್ತು.

ಫೈನಲ್ ನೋಡಲು ಅಪ್ಪನೂ ಬಂದಿದ್ದರು. ಅವರು ಸೀಟಿ ಊದುವುದನ್ನು ಬಿಟ್ಟು ವರ್ಷವಾಗಿತ್ತು. ಹೆಚ್ಚು ಹೊತ್ತು ನಿಂತರೆ ಕಾಲು ನೋಯುತ್ತದೆ ಎಂದಿದ್ದರು. ಅಂಗಡಿಯನ್ನೂ ಮುಚ್ಚಿದ್ದರು. ಈಗಿನ ಕಾಲದಲ್ಲಿ ಗಡಿಯಾರ ರಿಪೇರಿ ಮಾಡಿಸುವವರು ಯಾರಿದ್ದಾರೆ ಎಂದಿದ್ದರು. ಮನೆಯವರು ಎರಡನ್ನೂ ನಂಬಿದ್ದರು. ಮೈದಾನದ ಅಂಚಿನಲ್ಲಿ, ನೆಟ್ಟಿನ ನೇರಕ್ಕೆ, ಅವರಿಗೆಂದು ಒಂದು ಕುರ್ಚಿ ಹಾಕಿದ್ದರು.

ಪಂದ್ಯ ಎಳೆದಾಡಿ ಕೊನೆಯ ಸೆಟ್ಟಿಗೆ ಬಂತು. ಕಾರ್ಖಾನೆಯವರಿಗೆ ಇನ್ನೊಂದೇ ಅಂಕ ಬೇಕು. ಕಂಡಕ್ಟರ್ ನೆಗೆದು ಹೊಡೆದಳು. ಗೋಡೆಯೂ ಮಂಡಿ ಕಿತ್ತುಬರುವಂತೆ ನೆಗೆದಳು. ಚೆಂಡು ಅವಳ ಬಲಗೈ ಕಿರುಬೆರಳಿನ ತುದಿಗೆ ಬಡಿದು, ಬೆರಳನ್ನು ಹಿಂದಕ್ಕೆ ಮಡಚಿ, ಗೆರೆಯಾಚೆ ಬಿತ್ತು. ಪ್ರಾಣ ಹೋದಂತೆ ನೋವಾಯಿತು. ಕೈ ಅಭ್ಯಾಸದಂತೆ ಮೇಲಕ್ಕೆ ಹೊರಟಿತ್ತು, ಎದೆಯವರೆಗೂ ಬಂದಿತ್ತು. ಅಷ್ಟರಲ್ಲಿ ಜೊತೆಯವರೆಲ್ಲ ಗೆದ್ದೆವೆಂದು ಕಿರುಚುತ್ತ ಬಂದು ಅವಳ ಕೊರಳಿಗೆ ಬಿದ್ದರು. ಆ ಕೈ ಅಲ್ಲೇ ನಿಂತಿತು. ಜನ ಅಡ್ಡ ಬಂದರು ಎಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಸುಳ್ಳು. ಕೈ ಎತ್ತಲು ಬೇಕಾದಷ್ಟು ಜಾಗವಿತ್ತು.

"ತಾಗಿದೆ, ಅವಳ ಬೆರಳಿಗೆ ತಾಗಿದೆ," ಎಂದು ಕಂಡಕ್ಟರ್ ಹಟ ಹಿಡಿದಳು. ಅಂಪೈರಿಗೆ ಖಚಿತವಿರಲಿಲ್ಲ. ಅವನೂ ಮೇಷ್ಟ್ರ ಶಿಷ್ಯನೇ. ಸೀದಾ ಕುರ್ಚಿಯ ಹತ್ತಿರ ಹೋಗಿ, "ಮೇಷ್ಟ್ರೇ, ನೀವು ನೆಟ್ ನೇರಕ್ಕೇ ಇದ್ರಲ್ಲ. ತಾಗ್ತಾ?" ಎಂದ.

ಮೇಷ್ಟ್ರು ಕೇಳಿದರು, "ಕೈ ಎತ್ತಿದ್ದಾಳಾ?"

"ಇಲ್ಲ."

"ಎತ್ತಿಲ್ಲ ಅಂದ್ರೆ ತಾಗಿಲ್ಲಪ್ಪ. ನನ್ನ ಮಗಳು ಅವಳು."

ಅಂಪೈರ್ ಕಾರ್ಖಾನೆಯವರ ಕಡೆ ಕೈ ತೋರಿಸಿದ. ಕಂಡಕ್ಟರ್ ಕೂಡ ಹಟ ಬಿಟ್ಟಳು. ಗೋಡೆ ಕಪ್ ಎತ್ತಿದಳು. ಕಿರುಬೆರಳು ಆಗಲೇ ಊದತೊಡಗಿತ್ತು.

ಮನೆಗೆ ಬಂದ ಮೇಲೆ ಅಮ್ಮ ಕಪ್ಪನ್ನು ಒರೆಸಿ ಬೀರುವಿನ ಮೇಲಿಟ್ಟಳು. ಬೆರಳು ಅವಳ ಕಣ್ಣಿಗೆ ಬಿತ್ತು.

"ಏನೇ ಇದು, ಬದನೆಕಾಯಿ ಆದಂಗಾಗಿದೆ?"

"ಬೆಳಿಗ್ಗೆ ಒಲೆ ಬಾಗಿಲಿಗೆ ಸಿಕ್ಕಿಕೊಳ್ತು." ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೆದರಿಕೆಯಾಯಿತು.

"ಒಲೆ ಬಾಗಿಲಾ? ಚೆಂಡು ಬಡಿದಂಗಿದೆಯಲ್ಲೇ."

"ಲೇ, ಸುಮ್ನಿರು," ಎಂದರು ಅಪ್ಪ. "ಚೆಂಡು ತಾಗಿದ್ರೆ ಕೈ ಎತ್ತುತಿರ್ಲಿಲ್ವಾ ಅವಳು? ಬಟ್ಟೆ ಕೊಡು ಇಲ್ಲಿ."

ಎಷ್ಟು ಆಟಗಾರರ ಊದಿದ ಬೆರಳುಗಳು ಆ ಕೈಯಲ್ಲಿ ಹಾದು ಹೋಗಿದ್ದವೋ! ಚೆಂಡಿನ ಪೆಟ್ಟು ಯಾವುದು, ಬಾಗಿಲಿನ ಪೆಟ್ಟು ಯಾವುದು ಎಂದು ಮುಟ್ಟಿಯೇ ಹೇಳಬಲ್ಲ ಮನುಷ್ಯ, ಮಗಳ ಬೆರಳನ್ನು ಗಡಿಯಾರದ ಮುಳ್ಳು ಹಿಡಿದಷ್ಟು ಹಗುರವಾಗಿ ಹಿಡಿದು, ಬಟ್ಟೆ ಸುತ್ತಿ, ಗಂಟು ಹಾಕಿ, "ಆ ಒಲೆ ಬಾಗಿಲು ರಿಪೇರಿ ಮಾಡ್ಸೋಕೆ ಹೇಳು" ಎಂದರು. ನೆಲ ಬಾಯ್ಬಿಟ್ಟು ನುಂಗಿದರೆ ಸಾಕು ಎನಿಸಿತು ಅವಳಿಗೆ. ಕೈ ಎತ್ತಬೇಕೆಂದುಕೊಂಡಳು. ಈಗ ಎತ್ತಿದರೆ ಎರಡಕ್ಕೂ ಎತ್ತಬೇಕಲ್ಲ ಎಂದುಕೊಂಡಳು. ಎತ್ತಲಿಲ್ಲ.

ಕಾರ್ಖಾನೆಯಲ್ಲಿ ಆ ವಾರವೆಲ್ಲ ಅವಳದೇ ಮೆರವಣಿಗೆ. ಹೊಗಳಿದಷ್ಟೂ ಅವಳು ಒಲೆಯ ಕಡೆ ಮುಖ ತಿರುಗಿಸಿಕೊಂಡು ನಿಂತಳು. ಬಸ್ಸಿನಲ್ಲಿ ಕಂಡಕ್ಟರ್ ಸಿಕ್ಕಾಳೆಂದು ಮಂಡಿ ನೋವಿನಲ್ಲೂ ನಡೆದೇ ಮನೆಗೆ ಹೋದಳು.

ರಜೆಯ ದಿನ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಬಾಗಿಲು ತೆರೆದರೆ ಕಂಡಕ್ಟರ್. ಗೋಡೆ ಒಂದು ಹೆಜ್ಜೆ ಹಿಂದೆ ಸರಿದಳು.

"ನಿನ್ನ ನೋಡೋಕೆ ಬಂದಿಲ್ಲ ಕಣೇ, ಹೆದರ್ಕೋಬೇಡ," ಎಂದಳು ಅವಳು ನಗುತ್ತ. "ಮೇಷ್ಟ್ರ ಹತ್ರ ಒಂದು ಮಾತು ಇತ್ತು."

ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ದೊಡ್ಡ ಗಂಟಲು ಇವತ್ತು ಸಣ್ಣದಾಗಿತ್ತು. "ಮೇಷ್ಟ್ರೇ, ಅವತ್ತು ಅಷ್ಟು ಜನರ ಮುಂದೆ ನಿಮ್ಮ ಮಗಳ ಮೇಲೆ ಅನುಮಾನ ಪಟ್ಟೆ. ಡಿಪೋದಲ್ಲಿ ಎಲ್ಲರೂ ನಂಗೆ ಛೀಮಾರಿ ಹಾಕಿದ್ರು, ಮೇಷ್ಟ್ರ ಮಗಳಿಗೇ ಎದುರು ನಿಂತೆಯಲ್ಲ ಅಂತ. ಯಾಕೋ ಮನಸ್ಸಿಗೆ ಸಮಾಧಾನ ಇಲ್ಲ. ತಪ್ಪಾಯ್ತು ಅಂತ ಹೇಳಿ ಹೋಗೋಣ ಅಂತ ಬಂದೆ."

"ಅಯ್ಯೋ, ಅದಕ್ಯಾಕಮ್ಮ ಇಷ್ಟು ದೂರ ಬಂದೆ," ಎಂದರು ಅಪ್ಪ. ಅವರ ಮುಖ ಅರಳಿತ್ತು. "ಮಗಳೇ, ಟೀ ತಗೊಂಡು ಬಾ."

ಗೋಡೆ ಟೀ ಲೋಟ ತಂದು ಕಂಡಕ್ಟರ್ ಮುಂದೆ ಹಿಡಿದಳು. ಬಟ್ಟೆ ಸುತ್ತಿದ ಕಿರುಬೆರಳು ಲೋಟದಿಂದ ದೂರಕ್ಕೆ ಸೆಟೆದು ನಿಂತಿತ್ತು. ಕಂಡಕ್ಟರ್ ಲೋಟ ತೆಗೆದುಕೊಳ್ಳಲು ಕೈ ಚಾಚಿದವಳು ಹಾಗೇ ಬೆರಳನ್ನು ನೋಡಿದಳು.

"ಒಲೆ ಬಾಗಿಲಿಗೆ ಸಿಕ್ಕಿಸ್ಕೊಂಡಿದ್ದಾಳೆ," ಎಂದಳು ಅಮ್ಮ. ಅವಳ ದನಿಯಲ್ಲಿ ಜೀವವಿರಲಿಲ್ಲ.

"ಹೌದಾ," ಎಂದಳು ಕಂಡಕ್ಟರ್. ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಮತ್ತೆ ಬೆರಳು ನೋಡಲಿಲ್ಲ, ಗೋಡೆಯ ಮುಖವನ್ನೂ ನೋಡಲಿಲ್ಲ. ನೋಡಿದ್ದರೆ ಎಷ್ಟೋ ವಾಸಿಯಿತ್ತು. ತಪ್ಪು ಮಾಡದವಳು ಬಂದು ತಪ್ಪಾಯ್ತು ಎಂದು ಕೂತಿದ್ದಾಳೆ. ಮಾಡಿದವಳು ಅವಳಿಗೆ ಟೀ ಕೊಟ್ಟು ನಿಂತಿದ್ದಾಳೆ. ಇದಕ್ಕಿಂತ ಹೀನ ಕೆಲಸ ಇನ್ನೇನಿದೆ ಎನಿಸಿತು ಗೋಡೆಗೆ. ಅಪ್ಪನ ಕುರ್ಚಿಯ ಎದುರಿಗೆ ಹೋಗಿ ನಿಂತು ಬಲಗೈ ಎತ್ತಿದಳು. ಪೂರ್ತಿ ಎತ್ತಿದಳು.

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕಂಡಕ್ಟರ್ ಲೋಟ ಕೆಳಗಿಟ್ಟಳು.

ಅಪ್ಪ ಮಾತ್ರ ಕಂಡಕ್ಟರ್ ಜೊತೆ ಮಾತು ಮುಂದುವರಿಸಿದರು. "ನಮ್ಮನೆ ಪದ್ಧತಿ ಅಮ್ಮ ಅದು. ಚಿಕ್ಕ ಮಗು ಇದ್ದಾಗಿಂದ ಹಾಗೇ ಬೆಳೆಸಿದ್ದೀನಿ. ಇವಳು ಕೈ ಎತ್ತಿದ್ರೆ ಮುಗೀತು, ನಾನೇ ಮೊದಲು ಪಾಯಿಂಟ್ ನಿಮಗೆ ಕೊಡಿಸ್ತಿದ್ದೆ. ಎತ್ತಲಿಲ್ಲವಲ್ಲ, ಅದಕ್ಕೇ ಅಷ್ಟು ಧೈರ್ಯವಾಗಿ ಹೇಳಿದೆ."

ಮಗಳ ಕೈ ಅವರ ಮುಖದ ಮುಂದೆಯೇ ಇತ್ತು. ಅವರು ಅದರಾಚೆ ಎಲ್ಲೋ ನೋಡುತ್ತ ನಗುತ್ತಿದ್ದರು.

ಗೋಡೆಗೆ ಆಗ ಒಂದೊಂದೇ ಅರ್ಥವಾಯಿತು. ಮುಚ್ಚಿದ ಅಂಗಡಿ. ಬಿಟ್ಟ ಸೀಟಿ. "ಕೈ ಎತ್ತಿದ್ದಾಳಾ?" ಎಂದು ಅಂಪೈರನ್ನು ಕೇಳಿದ್ದು. ಎದುರಿಗೇ ಇದ್ದ ಮಗಳ ಕೈಯನ್ನು ನೋಡಲು ಆ ಮನುಷ್ಯನಿಗೆ ಇನ್ನೊಬ್ಬರ ಕಣ್ಣು ಬೇಕಾಗಿತ್ತು. ಕಾಣದ ಕಣ್ಣಿನ ಜಾಗದಲ್ಲಿ ಅವರು ಅವಳನ್ನು ಇಟ್ಟುಕೊಂಡಿದ್ದರು. ಇಲ್ಲಿಯವರೆಗೆ ಅವಳಿಗೆ ಕೈ ಎತ್ತುವುದು ಸುಲಭವಾಗಿತ್ತು, ಬಾಯಿ ಬಿಡುವ ಕಷ್ಟವಿರಲಿಲ್ಲ. ಈಗ ಬಾಯಿ ಬಿಡದೆ ದಾರಿಯಿರಲಿಲ್ಲ.

"ಅಪ್ಪಾ, ಕೈ ಎತ್ತಿದೀನಿ."

"ಏನಂದೆ?"

"ಆಗಲೇ ಎತ್ತಿದೀನಪ್ಪಾ. ನಿಂಗೆ ಕಾಣ್ತಿಲ್ಲ."

ಅಪ್ಪ ಕೈ ಚಾಚಿ ತಡವಿದರು. ಮೊದಲು ಮೊಣಕೈ ಸಿಕ್ಕಿತು. ಅಲ್ಲಿಂದ ಮೇಲಕ್ಕೆ ಮಣಿಕಟ್ಟು, ಅಂಗೈ, ಕೊನೆಗೆ ತಾವೇ ಹಾಕಿದ ಗಂಟು. ಅದನ್ನು ಹಿಡಿದುಕೊಂಡೇ ಕೇಳಿದರು, "ತಾಗಿತ್ತಾ?"

"ಹೂಂ."

"ಒಲೆ ಬಾಗಿಲು?"

"ಸುಳ್ಳು ಹೇಳ್ದೆ."

ಅವರು ಬೆರಳು ಬಿಟ್ಟರು. ಬೈಯಲಿಲ್ಲ, ಬೈಯುವ ಪದ್ಧತಿ ಅಲ್ಲಿರಲಿಲ್ಲವಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಕೂತಲ್ಲೇ ತಾವೂ ಬಲಗೈ ಎತ್ತಿದರು. ಕಂಡಕ್ಟರ್ ಕೂತ ಕಡೆಗಲ್ಲ, ಅವಳ ಪಕ್ಕದ ಕಿಟಕಿಯ ಕಡೆಗೆ.

"ನೋಡ್ದೇನೇ ತೀರ್ಪು ಹೇಳಿದೆ ಕಣಮ್ಮ," ಎಂದರು. "ಕಣ್ಣು ಮಂಜಾಗಿ ವರ್ಷದ ಮೇಲಾಯ್ತು. ಯಾರಿಗೂ ಹೇಳ್ಲಿಲ್ಲ. ನಾಚಿಕೆ ಆಗ್ತಿತ್ತು. ನಾನೇ ಕೈ ಎತ್ತಿಲ್ಲ, ಇವಳನ್ನ ಏನಂತ ಕೇಳ್ಲಿ?"

ಕಂಡಕ್ಟರ್ ಎದ್ದು ಹೋಗಿ ಅವರ ಮುಂದೆ ನಿಂತಳು. ಅವಳ ಕಣ್ಣು ತುಂಬಿತ್ತು. "ಇಳಿಸಿ ಮೇಷ್ಟ್ರೇ," ಎಂದಳು. "ದಯವಿಟ್ಟು ಇಳಿಸಿ."

ಆ ಮನೆಯ ಪದ್ಧತಿ ಊರಿಗೆಲ್ಲ ಗೊತ್ತಿತ್ತು. ಕಂಡಕ್ಟರ್ ಈಗ ಗೋಡೆಯ ಕಡೆ ತಿರುಗಿದಳು. ಎತ್ತಿದ ಕೈಯನ್ನು ಮೇಲಿಂದ ಕೆಳಗೆ ನೋಡಿದಳು. ಏನೂ ಹೇಳದೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

ಅಮ್ಮ ಬೀರುವಿನ ಮೇಲಿಂದ ಕಪ್ ತೆಗೆದು ಹಿಂದೆಯೇ ಓಡಿದಳು. "ತಗೊಂಡು ಹೋಗಮ್ಮ, ನಿಮ್ದು."

"ಬೇಡಮ್ಮಾ. ಅವಳೇ ಡಿಪೋಗೆ ತರಲಿ. ಎಲ್ಲರೂ ಇರ್ತಾರೆ." ಮೆಟ್ಟಿಲಿಳಿದ ಸದ್ದು ಕೇಳಿಸಿತು.

ಅಮ್ಮ ಕಪ್ಪನ್ನು ಬೀರುವಿನ ಮೇಲಿಡಲಿಲ್ಲ, ಬಾಗಿಲ ಹತ್ತಿರ ನೆಲದ ಮೇಲಿಟ್ಟಳು. ಅರ್ಧ ಕುಡಿದ ಟೀ ಲೋಟ ತೆಗೆದುಕೊಂಡು ಒಳಗೆ ಹೋದಳು. ಗೋಡೆ ನಿಂತೇ ಇದ್ದಳು. ತೋಳು ನೋಯಲು ಶುರುವಾಗಿತ್ತು.

"ನಿಂಗೆ ಇಳಿಸು ಅಂದ್ಲಾ?" ಅಪ್ಪ ಕೇಳಿದರು.

"ಇಲ್ಲಪ್ಪಾ."

"ಹಾಗಾದ್ರೆ ಇರ್ಲಿ," ಎಂದು ಅವರು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತರು.