ಕುಡಿ ಇರುವ ಎಲೆ

ಈ ಒಂದು ಬಾಳೆಲೆಗೆ ಒಂದೂವರೆ ದಿನಾರ್ ಕೊಟ್ಟೆ. ಬಹರೈನಿನಲ್ಲಿ ಆ ದುಡ್ಡಿಗೆ ಇಬ್ಬರು ಹೊಟ್ಟೆತುಂಬ ಊಟ ಮಾಡಬಹುದು. ಕುಡಿ ಕತ್ತರಿಸಿದ ಎಲೆ ಅರ್ಧ ಬೆಲೆಗೆ ಅದೇ ಅಂಗಡಿಯಲ್ಲಿತ್ತು, ನನಗೆ ಅದು ಆಗುವುದಿಲ್ಲ. ಹಳೆ ಫ್ರಿಜ್ಜು, ಹೋಟೆಲಿನ ಒಲೆ ಕೊಂಡು ಮಾರುವ ನಾನು ಎಂದೂ ಹೇಳಿದ ಬೆಲೆ ಕೊಟ್ಟವನಲ್ಲ. ಈ ಎಲೆಗೆ ಮಾತ್ರ ತುಟಿ ಬಿಚ್ಚದೆ ಕೊಟ್ಟು ಬರುತ್ತೇನೆ. ಮನೆಗೆ ಬಂದು ಸುತ್ತಿದ ಕಾಗದ ಬಿಡಿಸಿದಾಗ ಹಸಿ ಎಲೆಯ ವಾಸನೆ ಎದ್ದಿತು... ಅದರ ಹಿಂದೆಯೇ ಅತ್ತೆಯೂ ನೆನಪಿಗೆ ಬಂದಳು.

ಅತ್ತೆ ನನ್ನ ಅಪ್ಪನ ಅಕ್ಕ. ಕುಂದಾಪುರದ ಹತ್ತಿರದ ತ್ರಾಸಿಯಲ್ಲಿ ಹೆದ್ದಾರಿಯ ಪಕ್ಕ ಅವಳ ಹಂಚಿನ ಮನೆ ಇತ್ತು. ಗಂಡ ಮುಂಬೈಯ ಹೋಟೆಲಿನಲ್ಲಿದ್ದು ಅಲ್ಲಿಯೇ ತೀರಿಕೊಂಡವರು, ಮಕ್ಕಳಿಲ್ಲ. ತಾಯಿ ಇಲ್ಲದ ನನ್ನನ್ನು ಸಾಕಿದವಳು ಅವಳೇ. ತೊಂಬತ್ತೇಳರ ಸುಮಾರಿಗೆ ನಾನು ಗಂಗೊಳ್ಳಿಯಿಂದ ಒಣಮೀನು ತಂದು ಸೈಕಲ್ಲಿನಲ್ಲಿ ಕೆರಾಡಿ ಕಡೆ ಮಾರುತ್ತಿದ್ದೆ. ಆಸಾಡಿ ಅಮಾಸೆಗೆ, ಅಂದರೆ ಆಷಾಢದ ಅಮಾವಾಸ್ಯೆಗೆ, ಅವಳು ಸತ್ತ ಗಂಡನಿಗೆ ಎಲೆ ಹಾಕಿ ಬಡಿಸುತ್ತಿದ್ದಳು. ಊರ ಕೋಳಿಯ ಸಾರು, ನೀರುದೋಸೆ. ಕೋಳಿ ತರುವ ಕೆಲಸ ನನ್ನದು.

ಒಂದು ಸಲ ಚೌಕಾಶಿ ಮಾಡಿ ಕಡಿಮೆಗೆ ತಂದದ್ದನ್ನು ಜಂಬದಿಂದ ಹೇಳಿದೆ. ಅವಳ ಮುಖ ಸಣ್ಣದಾಯಿತು.

"ಸತ್ತರಿಗ್ ಬಡ್ಸು ಸಾಮಾನಿಗ್ ಚೌಕಾಶಿ ಮಾಡುಕಾಗ ಮಗಾ. ಅವ್ರಿಗ್ ಗೊತ್ತಾತ್ತ್."

ಆ ಅಡುಗೆಗೆ ಕ್ರಮವಿತ್ತು. ಬ್ಯಾಡಗಿ ಮೆಣಸು, ಕೊತ್ತಂಬರಿ, ಮೆಂತೆ, ಕಾಳುಮೆಣಸು ಒಂದೊಂದನ್ನೇ ತೆಂಗಿನೆಣ್ಣೆಯಲ್ಲಿ ಹುರಿಯಬೇಕು. ಒಟ್ಟಿಗೆ ಹಾಕಿದರೆ ಮೆಂತೆ ಕರಟುತ್ತದೆ. ಕಾಯಿಹಾಲು ಕೊನೆಗೆ. ಆದರೆ ಬಡಿಸುವ ತನಕ ಯಾರೂ ರುಚಿ ನೋಡಬಾರದು. ಅತ್ತೆ ವಾಸನೆ ಕೂಡ ಎಳೆಯದೆ ಮುಖ ಆಚೆ ತಿರುಗಿಸಿ, ಮರಿಗೆಯಿಂದ ಹರಳುಪ್ಪನ್ನು ಮುಷ್ಟಿಯಲ್ಲಿ ತೆಗೆದು ಹಾಕುತ್ತಿದ್ದಳು. ಯಾವಾಗಲೂ ಒಂದು ಕೂದಲೆಳೆ ಹೆಚ್ಚು.

ಮೂರ್ಸಂಜೆಗೆ ಎಲೆ ಹಾಕಿ ಬಡಿಸಿ, ದೀಪ ಇಟ್ಟು, ಕದ ಮುಚ್ಚಿ ನಾವು ಹೊರಗೆ ನಿಲ್ಲುತ್ತಿದ್ದೆವು. ಹಿಂದಿನಿಂದ ಕಡಲಿನ ಮೊರೆತ. ಒಳಗೆ ಎಂಥ ಸದ್ದೂ ಇಲ್ಲ, ಆದರೆ ಖಾಲಿ ಕೋಣೆಯ ಮೌನವೂ ಅದಲ್ಲ... ಯಾರೋ ಉಣ್ಣುವಾಗ ನಾವು ಮಾತು ನಿಲ್ಲಿಸುತ್ತೇವಲ್ಲ, ಹಾಗೆ. ಅತ್ತೆ ಕದದ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ಕೇಳುತ್ತಿದ್ದಳು: "ಆಯ್ತಾ?" ಆಮೇಲೆಯೇ ತೆಗೆಯುವುದು.

"ಅಲ್ಲ ಅತ್ತೆ, ಒಳ್ಗಿಂದ 'ಇಲ್ಲೆ' ಅಂದ್ರೆ ಎಂತ ಮಾಡುದ್?" ಎಂದು ಒಂದು ವರ್ಷ ನಗೆಯಾಡಿದೆ.

ಅವಳು ನಗಲಿಲ್ಲ. "ಕಾಯುದ್. ಮತ್ತೆಂತ ಮಾಡುಕಾತ್ತ್?"

ಆವತ್ತು ಉಣ್ಣುತ್ತಾ ಕೇಳಿದಳು, "ಇವ್ರಿಗ್ ನಾನಿದ್ದೆ. ನಾಳೆ ನಂಗೆ ಎಲೆ ಹಾಕುರ್ ಯಾರ್ ಮಗಾ?"

"ನಾನ್ ಹಾಕ್ತೆ."

"ನೀನಾ? ಸೋವಿ ಕೋಳಿ ಹುಡ್ಕುಕೆ ಹೋಯಿ ನಾಕ್ ದಿನ ತಡ ಮಾಡ್ತೆ ನೀನ್!" ಎಂದು ನಕ್ಕಳು. ಕಣ್ಣು ಮಾತ್ರ ನನ್ನ ಮುಖದ ಮೇಲೆಯೇ ಇತ್ತು.

ನಾನು ಬಹರೈನಿಗೆ ಬಂದು ಕೆಲವು ವರ್ಷಕ್ಕೆ ಅವಳು ಹೋದಳು. ಆಸಾಡಿಗೆ ಊರಿಗೆ ಹೋಗಿ ಅದೇ ಮನೆಯಲ್ಲಿ ಎಲೆ ಹಾಕಿ ಬರುತ್ತಿದ್ದೆ. ಆಮೇಲೆ ಹೆದ್ದಾರಿ ಅಗಲವಾಯಿತು. ಮನೆ ಹೋಯಿತು. ಈಗ ಅವಳ ಒಲೆ ಇದ್ದ ಜಾಗದಲ್ಲಿ ಲಾರಿ ಓಡುತ್ತದೆ. ಮುಚ್ಚಲು ಅಲ್ಲಿ ಕದವೇ ಇಲ್ಲ.

ಹಾಗಾಗಿ ಹೋದ ವರ್ಷ ಇಲ್ಲಿಯೇ, ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಬಡಿಸಲು ಹೊರಟೆ. ಬ್ರಹ್ಮಾವರದವಳಾದ ನನ್ನ ಹೆಂಡತಿ ನಕ್ಕಳು. "ಬಸ್ಸಲ್ ವಾಂತಿ ಬತ್ತ್ ಅಂದ್ ನಿಮ್ಮತ್ತೆ ನಮ್ ಮದ್ವಿಗೇ ಬರ್ಲಿಲ್ಲ. ಇಷ್ಟ್ ದೂರ ಬತ್ರಾ?"

ನನ್ನನ್ನು ಕೊರೆಯುತ್ತಿದ್ದದ್ದೂ ಅದೇ. ತ್ರಾಸಿಯಿಂದ ಕುಂದಾಪುರದ ಸಂತೆಗೆ ಹೋಗುವುದೇ ಅವಳಿಗೆ ದೂರ. ಕಡಲಾಚೆಗೆ ದಾರಿ ಹೇಗೆ ಗೊತ್ತಾಗಬೇಕು? ನಾನು ಹಾಕಿದ್ದು ಮುಟ್ಟದಿದ್ದರೆ ಅವಳು ಎಲ್ಲಿ, ಯಾರ ಬಾಗಿಲಲ್ಲಿ ಹಸಿದು ನಿಂತಿರಬೇಕು?

ಎಲೆ ಹಾಕಿ, ಬಡಿಸಿ, ಕದ ಎಳೆದುಕೊಂಡು ಇಬ್ಬರೂ ಕಾರಿಡಾರಿನಲ್ಲಿ ನಿಂತೆವು. ಪಕ್ಕದ ಮನೆಯ ಟಿವಿ, ಲಿಫ್ಟಿನ ಗರಗರ. ಅಲ್ಲಿ ನಿಂತಾಗ ನನಗೆ ನೆನಪಾಯಿತು: ಸಾರಿಗೆ ಉಪ್ಪು ಹಾಕಿಲ್ಲ. ರುಚಿ ನೋಡುವ ಹಾಗಿಲ್ಲವಲ್ಲ, ಗೊತ್ತೇ ಆಗಿರಲಿಲ್ಲ. ಕೇಳದೆ ಕದ ತೆಗೆಯುವಂತೆಯೂ ಇಲ್ಲ. ಅಂಗೈ ಇಟ್ಟು ಕೇಳಿದೆ: "ಆಯ್ತಾ?"

ಒಳಗೆ, ಅಡುಗೆಮನೆಯಲ್ಲಿ, ಪಾತ್ರೆಯ ಮುಚ್ಚಳ ಸರಿದ ಸದ್ದಾಯಿತು.

ಹೆಂಡತಿ ನನ್ನ ತೋಳು ಹಿಡಿದಳು. ನಾನು ಕಾದೆ. ಮತ್ತೆಂತ ಮಾಡುವುದು? ಇನ್ನೊಮ್ಮೆ ಕೇಳಿದಾಗ ಸದ್ದಿರಲಿಲ್ಲ. ತೆಗೆದೆ. ಎಲೆಯ ಮೇಲಿನದು ಇಟ್ಟ ಹಾಗೇ ಇತ್ತು, ದೀಪ ನೆಟ್ಟಗೆ ಉರಿಯುತ್ತಿತ್ತು. ಊಟಕ್ಕೆ ಕುಳಿತು ಸಾರು ಬಾಯಿಗಿಟ್ಟೆ. ಉಪ್ಪು ಇತ್ತು. ಒಂದು ಕೂದಲೆಳೆ ಹೆಚ್ಚೇ. ಹಲ್ಲಿಗೆ ಕರಗದ ಹರಳೊಂದು ಸಿಕ್ಕಿ ಕರ್ ಎಂದಿತು. ನಮ್ಮ ಮನೆಯಲ್ಲಿರುವುದು ಪುಡಿ ಉಪ್ಪು.

"ನೀವೇ ಹಾಕಿ ಮರ್ತದ್ದ್," ಎಂದಳು ಹೆಂಡತಿ. ಅಡುಗೆಮನೆಯ ಕಡೆ ಮಾತ್ರ ನೋಡಲಿಲ್ಲ.

ಇವತ್ತು ಉಪ್ಪು ಮರೆಯಲಿಲ್ಲ. ಬಡಿಸಿ, ಕದ ಮುಚ್ಚಿ, ಕೇಳಿದೆ. ಏನೂ ಕೇಳಿಸಲಿಲ್ಲ. ಮತ್ತೂ ನಿಂತೆ... ಇಲ್ಲ. ಸಾರು ಚೆನ್ನಾಗಿತ್ತು, ಆದರೆ ಅದು ನನ್ನ ಕೈಯ ಸಾರು. ಅವಳು ಹೋಗಿ ಇಷ್ಟು ವರ್ಷವಾದ ಮೇಲೆ, ಅವಳು ಇಲ್ಲ ಎನ್ನುವುದು ಇವತ್ತು ನಾಲಿಗೆಗೆ ಗೊತ್ತಾಯಿತು.

ಪರದೇಶದಲ್ಲಿ ಹೀಗೆ ಬಡಿಸುವವರು ನೀವಾಗಿದ್ದರೆ ಕೇಳಿ. ಮೆಣಸು ಹುರಿಯುವ ಮೊದಲು ಕಿಟಕಿ ತೆರೆಯಿರಿ, ಇಲ್ಲವಾದರೆ ಹೊಗೆಯ ಗಂಟೆ ಬಡಿದು ಕಟ್ಟಡದವರೆಲ್ಲ ಕೆಳಗಿಳಿಯುತ್ತಾರೆ. ಕೋಳಿ ಫ್ರೀಜರಿನದು ಬೇಡ. ಬೇರೆಲ್ಲದಕ್ಕೂ ಚೌಕಾಶಿ ಮಾಡಿ, ಎಲೆಗೆ ಬೇಡ. ಕುಡಿ ಇರುವುದನ್ನೇ ತನ್ನಿ. ರುಚಿ ನೋಡುವ ಹಾಗಿಲ್ಲವಾದ್ದರಿಂದ ಉಪ್ಪನ್ನು ಮೊದಲೇ ಬಟ್ಟಲಿನಲ್ಲಿ ತೆಗೆದಿಡಿ. ಸಿಕ್ಕಿದರೆ ಹರಳುಪ್ಪು. ಕದ ತೆಗೆಯುವ ಮುಂಚೆ ಕೇಳಿ. ಒಳಗೆ ಸದ್ದಾದರೆ ಕಾಯಿರಿ. ಆಗದಿದ್ದರೂ, ಸ್ವಲ್ಪ ಕಾಯಿರಿ.